3 ಅಡಿ ಉಪ್ಪುನೀರಿನ ಟ್ಯಾಂಕಿಗೆ ಯಾವ ಮೀನು? ಮಕ್ಕಳ ಪಟ್ಟಿ ಉದ್ದ ಇದೆ

ರಾಜಾಜಿನಗರ_ಅಪ್ಪ
ನಮಸ್ಕಾರ ಎಲ್ರಿಗೂ. ಮನೆಗೆ ಮೆರೈನ್ ಟ್ಯಾಂಕ್ ಬಂದಿದೆ, ನೀರು ಇನ್ನೂ ತುಂಬಿಸಿಲ್ಲ. ಅಳತೆ 90×45×45 ಸೆಂ.ಮೀ. ಕೆಳಗೆ 2 ಅಡಿ ಸಂಪ್ (ಫಿಲ್ಟರ್ ಟ್ಯಾಂಕ್), ಕೊಳೆಯನ್ನ ನೊರೆ ಮಾಡಿ ತೆಗೆಯೋ ಸ್ಕಿಮ್ಮರ್, ನೀರು ವಾಪಸ್ ಮೇಲಕ್ಕೆ ಕಳಿಸೋ ರಿಟರ್ನ್ ಪಂಪ್. ನೀರು ತಂಪು ಮಾಡೋ ಚಿಲ್ಲರ್ ಇಲ್ಲ. ಊರು ಬೆಂಗಳೂರು, ಎರಡನೇ ಮಹಡಿ.

ಮನೇಲಿ 6 ಮತ್ತು 9 ವರ್ಷದ ಮಕ್ಕಳು, ಜೊತೆಗೆ ನಮ್ಮಮ್ಮ. ಮಕ್ಕಳ ಪಟ್ಟಿ: ಎರಡು ಕ್ಲೌನ್ ಮೀನು, ಒಂದು ನೀಲಿ ಟ್ಯಾಂಗ್, ಒಂದು ಹಳದಿ ಟ್ಯಾಂಗ್, ಮ್ಯಾಂಡರಿನ್, ಒಂದು ಜೊತೆ ಸಮುದ್ರಕುದುರೆ, ನೀಲಿ ನಕ್ಷತ್ರಮೀನು, ಕ್ಲೌನ್‌ಗೆ ಮನೆ ಅಂತ ಒಂದು ಅನೆಮನಿ (ಹೂವಿನಂತೆ ಕಾಣೋ ಸಮುದ್ರಜೀವಿ). ಅಂಗಡಿಯವರು "ಎಲ್ಲಾ ಆಗುತ್ತೆ ಸಾರ್, ಚಿಕ್ಕ ಸೈಜ್ ಕೊಡ್ತೀನಿ" ಅಂತಾರೆ. ಯಾವುದು ಇಟ್ಕೊಳ್ಳಲಿ, ಯಾವುದು ಬಿಡಲಿ? ಮಕ್ಕಳಿಗೆ ಕಾರಣ ಹೇಳ್ಬೇಕು, ಸುಮ್ನೆ "ಬೇಡ" ಅಂದ್ರೆ ಒಪ್ಪಲ್ಲ.

ಜೆಪಿನಗರ_ರೀಫ್
ಸಮುದ್ರಕುದುರೆಗೆ ಮೊದಲು ಗೆರೆ ಎಳೀರಿ. ಅದು ಕಾನೂನಿನ ವಿಷಯ.

ಉಪ್ಪುನೀರು
ಮೊದಲು ಲೆಕ್ಕ. 90×45×45 ಅಂದ್ರೆ ಅಂಚಿನವರೆಗೆ 182 ಲೀಟರ್. ಗಾಜಿನ ದಪ್ಪ, ಮರಳು, ಕಲ್ಲು, ಮೇಲೆ ಬಿಡೋ ಜಾಗ ಕಳೆದ್ರೆ ಟ್ಯಾಂಕಲ್ಲಿ ಸುಮಾರು 145 ಲೀಟರ್ ನೀರು. ಸಂಪ್‌ನಲ್ಲಿ ಒಂದು 40 ಸಿಗುತ್ತೆ ಅಂತ ಇಟ್ಕೊಳ್ಳಿ, ಒಟ್ಟು 185. ಸಂಪ್ ನೀರು ಕೊಳೆ ತಡ್ಕೊಳ್ಳೋಕೆ ಸಹಾಯ ಮಾಡುತ್ತೆ, ಈಜೋಕೆ ಜಾಗ ಕೊಡಲ್ಲ. ಮೀನಿಗೆ ಸಿಗೋದು ಆ 3 ಅಡಿ ಮಾತ್ರ.

ಈಗ ಪಟ್ಟಿ.

ನೀಲಿ ಟ್ಯಾಂಗ್: ಅಂಗಡಿಯಲ್ಲಿ 4 ಸೆಂ.ಮೀ., ಬೆಳೆದ ಮೇಲೆ 30 ಸೆಂ.ಮೀ. ಹತ್ರ. ಇಡೀ ದಿನ ಬಂಡೆಸಾಲಿನ ಉದ್ದಕ್ಕೂ ಓಡಾಡೋ ಮೀನು, 6 ಅಡಿಗಿಂತ ಕಮ್ಮಿ ಟ್ಯಾಂಕ್ ಅದಕ್ಕೆ ಆಗಲ್ಲ. ಬೇಡ.

ಹಳದಿ ಟ್ಯಾಂಗ್: 20 ಸೆಂ.ಮೀ. ಕನಿಷ್ಠ 4 ಅಡಿ, 5 ಆದ್ರೆ ಒಳ್ಳೇದು. ಬೇಡ.

ಮ್ಯಾಂಡರಿನ್: ಗಾತ್ರ ಸರಿ, ಊಟ ಸರಿ ಇಲ್ಲ. ಬೆಳಗಿಂದ ಸಂಜೆವರೆಗೂ ಕಲ್ಲಿನ ಮೇಲಿನ ಕೋಪಿಪಾಡ್ ಅನ್ನೋ ಸಣ್ಣ ಜೀವಿ ಹೆಕ್ಕಿ ತಿನ್ನುತ್ತೆ. ಹೊಸ ಟ್ಯಾಂಕಲ್ಲಿ ಅವು ಇರೋದೇ ಇಲ್ಲ. ಅಂಗಡಿಯಲ್ಲಿ ಸಿಗೋ ಮೀನಿನ ಕಾಳು ಮುಟ್ಟಲ್ಲ, ಕೆಲವು ವಾರದಲ್ಲಿ ಹೊಟ್ಟೆ ಒಳಗೆ ಹೋಗಿ ಸಾಯುತ್ತೆ. ಒಂದು ವರ್ಷ ಕಳೆದ ಟ್ಯಾಂಕಲ್ಲೂ, ಸಣ್ಣ ಜೀವಿ ತುಂಬಿರೋದು ಕಣ್ಣಿಗೆ ಕಂಡ್ರೆ ಮಾತ್ರ ಯೋಚನೆ ಮಾಡಿ.

ನೀಲಿ ನಕ್ಷತ್ರ, ಅಂದ್ರೆ ಲಿಂಕಿಯಾ: ಕಲ್ಲಿನ ಮೇಲಿನ ತೆಳು ಪದರ ಕೆರೆದು ತಿನ್ನೋದು. ಹೊಸ ಟ್ಯಾಂಕಲ್ಲಿ ತಿಂಗಳುಗಟ್ಟಲೆ ಉಪವಾಸ ಬಿದ್ದು ಒಂದಿನ ತೋಳು ಕರಗೋಕೆ ಶುರು. ನಕ್ಷತ್ರ ಬೇಕೇ ಬೇಕು ಅಂದ್ರೆ ಸಣ್ಣ ಬ್ರಿಟಲ್ ಸ್ಟಾರ್. ಕಲ್ಲಿನ ಸಂದೀಲಿ ಇರುತ್ತೆ, ಊಟ ಬಿದ್ದ ತಕ್ಷಣ ತೋಳು ಆಚೆ ಹಾಕುತ್ತೆ. ಮಕ್ಕಳಿಗೆ ಅದೇ ಜಾಸ್ತಿ ಮಜಾ.

ಅನೆಮನಿ: ಈಗ ಬೇಡ, ಒಂದು ವರ್ಷ ಆದ್ಮೇಲೆ ನೋಡಿ. ಜಾಗ ಇಷ್ಟ ಆಗ್ಲಿಲ್ಲ ಅಂದ್ರೆ ನಡೆದುಕೊಂಡು ಹೋಗಿ ನೀರು ಅಲ್ಲಾಡಿಸೋ ವೇವ್‌ಮೇಕರ್‌ಗೆ ಸಿಕ್ಕಿ ಚೂರಾಗುತ್ತೆ, ಆಮೇಲೆ ಇಡೀ ಟ್ಯಾಂಕಿನ ನೀರು ಕೆಡುತ್ತೆ. ಕ್ಲೌನ್‌ಗೆ ಅನೆಮನಿ ಇರಲೇಬೇಕು ಅನ್ನೋದು ಸುಳ್ಳು. ಸಮುದ್ರದಲ್ಲಿ ಅದು ದೊಡ್ಡ ಮೀನಿಂದ ತಪ್ಪಿಸ್ಕೊಳ್ಳೋ ಜಾಗ. ನಿಮ್ಮ ಟ್ಯಾಂಕಲ್ಲಿ ಅದನ್ನ ತಿನ್ನೋರು ಯಾರೂ ಇರಲ್ಲ.

ಉಳಿದಿದ್ದು ಕ್ಲೌನ್ ಜೋಡಿ. ಅದೊಂದು ಸರಿಯಾದ ಆಯ್ಕೆ.

ಟ್ಯಾಂಗ್_ಪ್ರೇಮಿ
ಎಲ್ಲಾ ಬೇಡ ಬೇಡ ಅಂದ್ರೆ ಹಾಬಿಗೆ ಯಾರು ಬರ್ತಾರೆ ಗುರು? ಚಿಕ್ಕ ಟ್ಯಾಂಗ್ ಹಾಕಿ, ಬೆಳೆದ ಮೇಲೆ ದೊಡ್ಡ ಟ್ಯಾಂಕ್ ಇರೋರಿಗೆ ಕೊಟ್ರಾಯ್ತು. ಮಕ್ಕಳೂ ಖುಷಿ.

ಉಪ್ಪುನೀರು
ಕೊಡೋದು ಯಾರಿಗೆ? 6 ಅಡಿ ಟ್ಯಾಂಕ್ ಇರೋರ ಹತ್ರ ಆಗಲೇ ಒಂದು ಟ್ಯಾಂಗ್ ಇರುತ್ತೆ, ಎರಡನೇದನ್ನ ಅದು ಒಳಗೇ ಬಿಡಲ್ಲ. ಹಿಡಿಯೋದು ಹೇಗೆ? ಕಲ್ಲೆಲ್ಲಾ ಕಿತ್ತು ಹೊರಗೆ ಹಾಕ್ಬೇಕು. ಬಾಲದ ಬುಡದಲ್ಲಿ ಬ್ಲೇಡಿನಂಥ ಮುಳ್ಳು ಬೇರೆ, ಬಲೆಗೂ ಸಿಕ್ಕಿಹಾಕ್ಕೊಳ್ಳುತ್ತೆ, ಕೈಯನ್ನೂ ಕುಯ್ಯುತ್ತೆ.

ಇನ್ನೊಂದು, ಇಕ್ಕಟ್ಟಾದ್ರೆ ನೀಲಿ ಟ್ಯಾಂಗ್‌ಗೆ ಇಕ್ (ಮೈಮೇಲೆ ಬಿಳಿ ಚುಕ್ಕಿ ಏಳೋ ಪರಾವಲಂಬಿ ರೋಗ) ಬರೋದು ಎಲ್ಲಕ್ಕಿಂತ ಮೊದಲು. ಅದಕ್ಕೆ ಬಂದ್ರೆ ಇಡೀ ಟ್ಯಾಂಕಿಗೆ ಬಂತು. ಹೋಗೋದು ಒಂದು ಮೀನಲ್ಲ.

ಟ್ಯಾಂಗ್_ಪ್ರೇಮಿ
ನನ್ನ ಹೆಸರು ನೋಡಿ ಬೈಬೇಡಿ ಸಾರ್. ದೊಡ್ಡ ಟ್ಯಾಂಕಿಗೆ ಟ್ಯಾಂಗ್ ಅನ್ನೋದನ್ನ ಒಪ್ತೀನಿ. ಆದ್ರೆ ಬೋಳು ಟ್ಯಾಂಕ್ ಮಾಡ್ಸಿದ್ರೆ ಆರು ತಿಂಗಳಿಗೆ ಮಕ್ಕಳು ಮೊಬೈಲ್ ಹಿಡ್ಕೊಂಡು ಕೂರ್ತಾರೆ.

ಪಿಸ್ತೂಲು_ಸೀಗಡಿ
ಬೋಳು ಯಾಕಾಗುತ್ತೆ? ಮಕ್ಕಳಿಗೆ ಆ ಮೀನೇ ಬೇಕೋ, ಆ ಬಣ್ಣ ಬೇಕೋ ಕೇಳಿ. ಬಹುಪಾಲು ಮಕ್ಕಳಿಗೆ ಬಣ್ಣ ಸಾಕು.

ನೀಲಿ ಬೇಕಾ? ಹಳದಿ ಬಾಲದ ಡ್ಯಾಮ್ಸೆಲ್, ಒಂದೇ ಒಂದು. 7 ಸೆಂ.ಮೀ. ಡ್ಯಾಮ್ಸೆಲ್‌ಗಳಲ್ಲೇ ಸ್ವಲ್ಪ ಸಾಧು, ಆದ್ರೂ ಡ್ಯಾಮ್ಸೆಲ್ಲೇ, ಅದಕ್ಕೆ ಎಲ್ಲರಿಗಿಂತ ಕೊನೆಗೆ ಬಿಡಬೇಕು.

ಹಳದಿ ಬೇಕಾ? ಹಳದಿ ವಾಚ್‌ಮ್ಯಾನ್ ಗೋಬಿ, ಜೊತೆಗೆ ಒಂದು ಪಿಸ್ತೂಲು ಸೀಗಡಿ. ಈ ಜೋಡಿಯ ಮುಂದೆ ಟ್ಯಾಂಗ್ ಏನೂ ಅಲ್ಲ. ಸೀಗಡಿಗೆ ಕಣ್ಣು ಮಂದ, ಬಿಲ ತೋಡೋದೇ ಕೆಲಸ. ಬುಲ್ಡೋಜರ್ ಥರ ಮರಳು ತಳ್ಕೊಂಡು ಬಾಗಿಲಿಗೆ ಬರುತ್ತೆ, ಒಂದು ಮೀಸೆ ಮಾತ್ರ ಗೋಬಿಯ ಮೈಮೇಲೇ ಇರುತ್ತೆ. ಅಪಾಯ ಕಂಡ್ರೆ ಗೋಬಿ ಬಾಲ ಅಲ್ಲಾಡಿಸುತ್ತೆ, ಎರಡೂ ಒಳಗೆ. ಮರಳು ಕನಿಷ್ಠ 5 ಸೆಂ.ಮೀ. ಇರಲಿ, ನುಣ್ಣಗಿನ ಮರಳಿನ ಜೊತೆ ಒಂದಷ್ಟು ಚಿಪ್ಪಿನ ಚೂರು ಬೆರೆಸಿ. ಬರೀ ನುಣ್ಣಗಿದ್ರೆ ಬಿಲ ಕುಸಿಯುತ್ತೆ. ಮತ್ತೆ ಕಲ್ಲನ್ನ ಮರಳಿನ ಮೇಲೆ ಇಡಬೇಡಿ, ಮೊದಲು ಗಾಜಿನ ಮೇಲೆ ಕಲ್ಲು ಕೂರಿಸಿ ಆಮೇಲೆ ಮರಳು ಸುರೀರಿ. ಇಲ್ಲಾಂದ್ರೆ ಅದು ಕೆಳಗೆ ತೋಡಿ ಕಲ್ಲು ಉರುಳುತ್ತೆ.

ನೇರಳೆ ಬೇಕಾ? ರಾಯಲ್ ಗ್ರಾಮ್ಮಾ, 8 ಸೆಂ.ಮೀ. ಮುಂದೆ ನೇರಳೆ, ಹಿಂದೆ ಹಳದಿ.

ಗೋಬಿ_ಮಂಚೂರಿ
ಗೋಬಿ ಶಿಫಾರಸು ಮಾಡಿದ್ದಕ್ಕೆ ಧನ್ಯವಾದ 😂

ಜೆಪಿನಗರ_ರೀಫ್
ಗ್ರಾಮ್ಮಾ ತಗೊಳ್ಳುವಾಗ ಎಚ್ಚರ. ಅದೇ ಎರಡು ಬಣ್ಣದ ಡಾಟಿಬ್ಯಾಕ್ ಅನ್ನೋ ಮೀನನ್ನ ಎಷ್ಟೋ ಕಡೆ ಗ್ರಾಮ್ಮಾ ಅಂತಲೇ ಮಾರ್ತಾರೆ. ಡಾಟಿಬ್ಯಾಕ್‌ನಲ್ಲಿ ನೇರಳೆ ಮುಗಿದು ಹಳದಿ ಶುರುವಾಗೋದು ಸ್ಕೇಲ್ ಇಟ್ಟು ಗೆರೆ ಹೊಡೆದ ಹಾಗೆ. ಗ್ರಾಮ್ಮಾದಲ್ಲಿ ಒಂದು ಇನ್ನೊಂದರೊಳಗೆ ಚುಕ್ಕಿಚುಕ್ಕಿಯಾಗಿ ಬೆರೀತದೆ, ಬೆನ್ನಿನ ರೆಕ್ಕೆಯ ಮುಂಭಾಗದಲ್ಲಿ ಕಪ್ಪು ಬೊಟ್ಟು ಇರುತ್ತೆ. ಡಾಟಿಬ್ಯಾಕ್ ಮನೆಗೆ ಬಂದ್ರೆ ಫೈರ್‌ಫಿಶ್‌ನಂಥ ಪಾಪದ ಮೀನುಗಳನ್ನ ಮೂಲೆಗೆ ಅಟ್ಟಿ ಕೊಲ್ಲುತ್ತೆ.

ರಾಜಾಜಿನಗರ_ಅಪ್ಪ
ಇದು ಕೆಲಸಕ್ಕೆ ಬರೋ ಮಾತು. ಸಮುದ್ರಕುದುರೆ ಕಾನೂನು ಏನು ಸಾರ್? ಅಂಗಡೀಲಿ ರಾಜಾರೋಷವಾಗಿ ಮಾರ್ತಿದ್ರಲ್ಲ.

ಜೆಪಿನಗರ_ರೀಫ್
ಮಾರ್ತಿದ್ರೆ ಅದೂ ಅಪರಾಧವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲಿಗೆ 2001ರಲ್ಲಿ ಸಮುದ್ರಕುದುರೆ, ಅದರ ಬಳಗದ ಪೈಪ್‌ಫಿಶ್, ಸಮುದ್ರ ಸೌತೆ, ಬಂಡೆ ಕಟ್ಟುವ ಎಲ್ಲಾ ಹವಳ ಸೇರಿದವು. ಹುಲಿ ಇರೋ ಷೆಡ್ಯೂಲೇ ಅದು. ಸತ್ತು ಬೆಳ್ಳಗಾದ ಹವಳದ ತುಂಡನ್ನ ಅಲಂಕಾರಕ್ಕೆ ಅಂತ ಮಾರೋದೂ ಅದರಲ್ಲೇ ಬರುತ್ತೆ. ಮುರ್ಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್ ಹೋದೋರು ನೆನಪಿಗೆ ಅಂತ ಒಂದು ಚೂರು ತರೋದೂ ತಪ್ಪು.

ಟ್ಯಾಂಕಿಗೆ ಸಿರಾಮಿಕ್ ಅಥವಾ ಸಿಮೆಂಟಿನಿಂದ ಮಾಡಿದ ಕಲ್ಲು ಹಾಕಿ. ಸಮುದ್ರದಿಂದ ಕಿತ್ತ "ಲೈವ್ ರಾಕ್" ಅಂತ ಯಾರಾದ್ರೂ ಕೊಟ್ರೆ ದೂರ ಇರಿ. ಸಿಮೆಂಟಿನ ಕಲ್ಲಾದ್ರೆ ಮೊದಲು ಕೆಲವು ವಾರ ಸಿಹಿನೀರಲ್ಲಿ ನೆನೆಸಿ, ನೀರು ಬದಲಾಯಿಸ್ತಾ ಇರಿ. ಪಿಹೆಚ್ 8.5ಕ್ಕಿಂತ ಕೆಳಗೆ ಬಂದು ನಿಂತ ಮೇಲೆ ಟ್ಯಾಂಕಿಗೆ.

ಮಲ್ಪೆ_ಬೋಟು
ಮಾರಾಯ್ರೆ, ಉಪ್ಪು ಚೀಲಕ್ಕೆ ಯಾಕೆ ದುಡ್ಡು ಹಾಕ್ತೀರಿ? ನಮ್ಮ ಕಡೆ ಸಮುದ್ರ ಉಂಟಲ್ಲ, ಕ್ಯಾನ್ ತನ್ನಿ, ತುಂಬಿಸ್ಕೊಂಡು ಹೋಗಿ. ಆದ್ರೆ ಮಳೆಗಾಲದಲ್ಲಿ ಮಾತ್ರ ಬೇಡ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಹೊಳೆ ನೀರು ಸೇರಿ ದಡದ ನೀರಿನ ಉಪ್ಪು ತುಂಬಾ ಇಳಿದಿರ್ತದೆ, ಕೆಸರೂ ಜಾಸ್ತಿ. ಅಳಿವೆಯ ಹತ್ತಿರ, ಬಂದರಿನ ಹತ್ತಿರ ಯಾವಾಗಲೂ ತೆಗೀಬೇಡಿ, ಡೀಸೆಲ್ ಪದರ ಇರ್ತದೆ. ಡಿಸೆಂಬರ್ ನಂತರ ದಡದಿಂದ ಆಚೆ ಬೋಟಿನಲ್ಲಿ ಹೋಗಿ ತೆಗೆದ್ರೆ ಒಳ್ಳೆ ನೀರು.

ಉಪ್ಪುನೀರು
ಉಡುಪಿ, ಮಂಗಳೂರಲ್ಲಿ ಇರೋರಿಗೆ ಸರಿ. ಆದ್ರೂ ತಂದ ನೀರನ್ನ ಫಿಲ್ಟರ್ ಬಟ್ಟೆಯಲ್ಲಿ ಸೋಸಿ, ಕತ್ತಲಲ್ಲಿ ಮುಚ್ಚಿ ಕೆಲವು ವಾರ ಇಟ್ಟು, ಉಪ್ಪಿನಂಶ ಅಳೆದು ಬಳಸಿ. ಬೆಂಗಳೂರಿಗೆ 350 ಕಿ.ಮೀ. ನೀರು ಹೊರೋದಕ್ಕೆ ಡೀಸೆಲ್ ಲೆಕ್ಕ ಹಾಕಿ, ಉಪ್ಪೇ ಅಗ್ಗ. ಇವರ ಟ್ಯಾಂಕಿಗೆ ಮೊದಲ ಸಲ 185 ಲೀಟರ್‌ಗೆ ಲೀಟರಿಗೆ 37 ಗ್ರಾಂ ಆಸುಪಾಸು, ಸುಮಾರು 6.8 ಕೆ.ಜಿ. ಆಮೇಲೆ ಎರಡು ವಾರಕ್ಕೊಮ್ಮೆ ಶೇ. 15, ಅಂದ್ರೆ 28 ಲೀಟರ್ ಬದಲಾವಣೆ, ಒಂದು ಕೆ.ಜಿ. ಉಪ್ಪು. ಗುರಿ 35 ಪಿಪಿಟಿ (ಸಾವಿರಕ್ಕೆ 35 ಪಾಲು ಉಪ್ಪು), ಸಾಂದ್ರತೆಯಲ್ಲಿ 1.026. ಉಪ್ಪಿನಂಶ ಅಳೆಯೋ ರಿಫ್ರಾಕ್ಟೋಮೀಟರನ್ನ ಬರೀ ಆರ್‌ಓ ನೀರಿಗೆ ಸೊನ್ನೆ ಮಾಡಿ ನಂಬಬೇಡಿ, 35 ಪಿಪಿಟಿ ಕ್ಯಾಲಿಬ್ರೇಷನ್ ದ್ರಾವಣದಲ್ಲಿ ಹೊಂದಿಸಿ. ಅಡುಗೆ ಉಪ್ಪು, ಕಲ್ಲುಪ್ಪು ಯಾವುದೂ ನಡೆಯಲ್ಲ.

ಹುಬ್ಬಳ್ಳಿ_ಹುಡುಗ
ಆರ್‌ಓ ಅಂದ್ರ ಮನ್ಯಾಗ ಕುಡಿಯೋ ನೀರಿಂದು ಇರ್ತದಲ್ರೀ, ಅದು ನಡೀತದೇನ್ರೀ? ನಮ್ಮ ಬೋರ್ ನೀರು ಟಿಡಿಎಸ್, ಅಂದ್ರ ಕರಗಿದ ಲವಣ, 900 ಐತಿ.

ಪಿಸ್ತೂಲು_ಸೀಗಡಿ
ಹಾಗೇ ನಡೆಯಲ್ಲ ಅಣ್ಣ. ಮನೆ ಪ್ಯೂರಿಫೈಯರ್‌ನಲ್ಲಿ ರುಚಿಗೆ ಅಂತ ಟಿಡಿಎಸ್ ಕಂಟ್ರೋಲರ್ ಅಥವಾ ಮಿನರಲ್ ಕಾರ್ಟ್ರಿಜ್ ಇಟ್ಟಿರ್ತಾರೆ. ಸೋಸಿದ ನೀರಿಗೆ ವಾಪಸ್ ಹಸಿ ನೀರು ಅಥವಾ ಖನಿಜ ಸೇರುತ್ತೆ. ಮೆಂಬ್ರೇನ್ ದಾಟಿದ ತಕ್ಷಣ, ಅವೆರಡಕ್ಕೂ ಮುಂಚೆ ಒಂದು ಟಿ ಜಾಯಿಂಟ್ ಹಾಕಿಸಿ ನೀರು ತಗೊಳ್ಳಿ. ಮೆಂಬ್ರೇನ್ ಚೆನ್ನಾಗಿದ್ರೆ ಶೇ. 95ರಿಂದ 98 ತಡೆಯುತ್ತೆ, ಅಂದ್ರೆ ನಿಮ್ಮ 900 ಇಳಿದು 18ರಿಂದ 45ಕ್ಕೆ ಬರುತ್ತೆ. ಅದರ ಮುಂದೆ ಉಳಿದ ಲವಣ ಹೀರೋ ಡಿಐ ರೆಸಿನ್ ಕಾರ್ಟ್ರಿಜ್ ಒಂದು, ಆಗ ಸೊನ್ನೆ. 900ರ ನೀರಿಗೆ ರೆಸಿನ್ ಬೇಗ ಮುಗಿಯುತ್ತೆ, ಮೀಟರಲ್ಲಿ 2-3 ತೋರಿಸೋಕೆ ಶುರು ಆದ್ರೆ ಬದಲಾಯಿಸಿ.

ಇನ್ನೊಂದು, ಈ ನೀರನ್ನ ತಾಮ್ರದ ಬಿಂದಿಗೆಯಲ್ಲಿ ತುಂಬಿಡಬೇಡಿ. ನಮ್ಮ ಮನೆಗಳಲ್ಲಿ ಇದು ಆಗೋ ತಪ್ಪು. ಮೀನು ತಡ್ಕೊಳ್ಳೋ ಅಷ್ಟು ತಾಮ್ರಕ್ಕೇ ಸೀಗಡಿ, ಬಸವನಹುಳು ಎಲ್ಲಾ ಸಾಯ್ತವೆ.

ಹುಬ್ಬಳ್ಳಿ_ಹುಡುಗ
ಆ ವೇಸ್ಟ್ ನೀರು ಏನ್ ಮಾಡ್ಬೇಕ್ರೀ, ಗಿಡಕ್ಕ ಹಾಕ್ಲೇನು?

ಪಿಸ್ತೂಲು_ಸೀಗಡಿ
ನೆಲ ಒರೆಸೋಕೆ, ಟಾಯ್ಲೆಟ್‌ಗೆ. 900ರ ಬೋರ್ ನೀರಿನ ವೇಸ್ಟ್ ಇನ್ನೂ ಗಡುಸು, ಕುಂಡದ ಮಣ್ಣಲ್ಲಿ ಬಿಳಿ ಪೊರೆ ಕಟ್ಟುತ್ತೆ.

ಟ್ಯಾಂಗ್_ಪ್ರೇಮಿ
ಮೀನಿನ ಥ್ರೆಡ್ ನೆಲ ಒರೆಸೋ ಥ್ರೆಡ್ ಆಯ್ತು.

ವೈರ್_ಮ್ಯಾನ್
ಮನೇಲಿ ಮಕ್ಕಳು, ವಯಸ್ಸಾದೋರು ಇದ್ದಾರೆ ಅಂದ್ಮೇಲೆ ಮೀನಿಗಿಂತ ಮೊದಲು ಇದು. ಟ್ಯಾಂಕ್ ಲೈನಿಗೆ ಕರೆಂಟ್ ಸೋರಿದ್ರೆ ಲೈನ್ ಕಡಿಯೋ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರಲೇಬೇಕು. ಪ್ರತಿ ವೈರೂ ಪ್ಲಗ್‌ಗಿಂತ ಕೆಳಗೆ ಇಳಿದು ಮೇಲೆ ಬರೋ ಹಾಗೆ ಬಿಡಿ, ವೈರಲ್ಲಿ ಜಾರಿದ ನೀರು ಕೆಳಗೇ ತೊಟ್ಟಿಕ್ಕುತ್ತೆ, ಸಾಕೆಟ್ ಸೇರಲ್ಲ. ಎಕ್ಸ್‌ಟೆನ್ಷನ್ ಬಾಕ್ಸನ್ನ ಸಂಪ್ ಪಕ್ಕ ನೆಲದ ಮೇಲೆ ಇಡೋದು ಬೇಡವೇ ಬೇಡ.

ಕರೆಂಟ್ ಹೋದಾಗ ಮೊದಲು ಕೊರತೆ ಆಗೋದು ಆಮ್ಲಜನಕ. ಲೈಟು, ಸ್ಕಿಮ್ಮರ್ ಎಷ್ಟು ಗಂಟೆ ನಿಂತರೂ ಪರವಾಗಿಲ್ಲ, ನೀರು ಅಲ್ಲಾಡ್ತಾ ಇರಬೇಕು. ಒಂದು ಡಿಸಿ ವೇವ್‌ಮೇಕರ್‌ಗೆ ಬ್ಯಾಟರಿ ಬ್ಯಾಕಪ್ ಕೊಡಿ ಸಾಕು. ಹಳೇ ಸ್ಕ್ವೇರ್‌ವೇವ್ ಇನ್ವರ್ಟರ್‌ನಲ್ಲಿ ಎಸಿ ಪಂಪು ಗುಂಯ್ ಅಂತ ಬಿಸಿಯಾಗುತ್ತೆ, ಸೈನ್‌ವೇವ್ ಬೇಕು. ಮತ್ತೆ ರಿಟರ್ನ್ ಪಂಪ್ ನಿಂತಾಗ ಟ್ಯಾಂಕಿನ ನೀರು ಸಂಪ್‌ಗೆ ಇಳಿಯುತ್ತೆ. ಮೊದಲ ದಿನವೇ ಪ್ಲಗ್ ಕಿತ್ತು ನೋಡಿ, ಸಂಪ್ ತುಳುಕಿದ್ರೆ ನೀರಿನ ಮಟ್ಟ ಇಳಿಸಿ ಗುರುತು ಹಾಕಿ.

ಜೆಪಿನಗರ_ರೀಫ್
ಚಿಲ್ಲರ್ ಇಲ್ಲ ಅಂದ್ರಲ್ಲ. ಬೆಂಗಳೂರಲ್ಲಿ ಏಪ್ರಿಲ್ ದಾಟೋಕೆ ಮೇಲ್ಮೈಗೆ ಗಾಳಿ ಬೀಸೋ ಫ್ಯಾನ್ ಸಾಕಾಗಬಹುದು, 2-3 ಡಿಗ್ರಿ ಇಳಿಸುತ್ತೆ. ಗುರಿ 25-26, 29 ದಾಟಬಾರದು. ಮಂಗಳೂರಿನೋರಿಗೆ ಈ ಉಪಾಯ ಅಷ್ಟಾಗಿ ನಡೆಯಲ್ಲ, ಗಾಳಿಯಲ್ಲೇ ತೇವ ತುಂಬಿರೋದ್ರಿಂದ ನೀರು ಆವಿ ಆಗಲ್ಲ, ಅಲ್ಲಿ ಚಿಲ್ಲರ್ರೇ ಗತಿ.

ಫ್ಯಾನ್ ಹಾಕಿದ್ರೆ ದಿನಕ್ಕೆ 3 ಲೀಟರ್ ಆವಿ ಆದ್ರೂ ಆಶ್ಚರ್ಯ ಇಲ್ಲ. ಹೋಗೋದು ನೀರು, ಉಪ್ಪು ಒಳಗೇ ಇರುತ್ತೆ. ಅದಕ್ಕೇ ದಿನಾ ಸಿಹಿ ಆರ್‌ಓ ನೀರು ತುಂಬಿಸಿ, ಉಪ್ಪುನೀರು ಅಲ್ಲ.

ಮಲ್ಪೆ_ಬೋಟು
ಹೌದು, ಇಲ್ಲಿ ಫ್ಯಾನ್ ಹಾಕಿದ್ರೆ ಕರೆಂಟ್ ಬಿಲ್ ಮಾತ್ರ ಮೇಲೆ ಹೋಗೂದು. ಅಂದ ಹಾಗೆ ಮೀನಿಗೆ ಊಟಕ್ಕೆ ಬೂತಾಯಿ, ಬಂಗುಡೆ ಕೊಚ್ಚಿ ಹಾಕಬಹುದಾ? ಇಲ್ಲಿ ಧಾರಾಳ ಸಿಗ್ತದೆ.

ಉಪ್ಪುನೀರು
ಬೇಡ. ಎಣ್ಣೆ ಪದರ ಕಟ್ಟಿ ಸ್ಕಿಮ್ಮರ್ ನೊರೆ ಬಿದ್ದೋಗುತ್ತೆ, ಫಾಸ್ಫೇಟ್ ಏರಿ ಪಾಚಿ. ಫ್ರೋಜನ್ ಮೈಸಿಸ್ (ಸೀಗಡಿಯಂಥ ಸಣ್ಣ ಜೀವಿ) ಮತ್ತು ಒಳ್ಳೆ ಕಾಳು ಸಾಕು. ಮೈಸಿಸ್ ಕ್ಯೂಬನ್ನ ಲೋಟದಲ್ಲಿ ಕರಗಿಸಿ, ಟೀ ಜಾಲರೀಲಿ ಸೋಸಿ ಆ ನೀರು ಚೆಲ್ಲಿ, ತುಣುಕು ಮಾತ್ರ ಹಾಕಿ.

ಮಲ್ಪೆ_ಬೋಟು
ಬಂಗುಡೆ ನಮಗೇ ಉಳೀತು ಹಾಗಾದ್ರೆ. ಒಳ್ಳೇದಾಯ್ತು.

ಪಿಸ್ತೂಲು_ಸೀಗಡಿ
ಊಟದ ವಿಷಯ ಬಂತಲ್ಲ. ಕುಟುಂಬದ ಟ್ಯಾಂಕಲ್ಲಿ ಮೀನು ಸಾಯೋದು ಹೆಚ್ಚಾಗಿ ಪ್ರೀತಿಯಿಂದಲೇ. ಮಗ ಒಂದು ಸಲ, ಮಗಳು ಒಂದು ಸಲ, "ಪಾಪ ಹಸಿದಿದೆ" ಅಂತ ಅಜ್ಜಿ ಒಂದು ಸಲ. ಮೆಡಿಕಲ್ ಶಾಪಲ್ಲಿ ವಾರದ ಮಾತ್ರೆ ಡಬ್ಬಿ ಸಿಗುತ್ತೆ, ಏಳು ಖಾನೆಯದು. ಭಾನುವಾರ ನೀವೇ ಪ್ರತಿ ಖಾನೆಗೆ ಆ ದಿನದ ಕಾಳು ಅಳೆದು ಹಾಕಿಡಿ, ದೊಡ್ಡ ಡಬ್ಬ ಬೀರುವಿನಲ್ಲಿಟ್ಟು ಬೀಗ ಹಾಕಿ. ಖಾನೆ ಖಾಲಿ ಅಂದ್ರೆ ಇವತ್ತಿನ ಊಟ ಆಯ್ತು ಅಂತ ಎಲ್ಲರಿಗೂ ಗೊತ್ತಾಗುತ್ತೆ.

ಸೊಳ್ಳೆ ಬತ್ತಿ, ಲಿಕ್ವಿಡ್ ಮಷೀನು, ಜಿರಳೆ ಸ್ಪ್ರೇ, ಇವು ಹಾಲ್‌ನಲ್ಲಿ ಬೇಡ. ಅವುಗಳಲ್ಲಿರೋ ಪೈರಿಥ್ರಾಯ್ಡ್ ಮೀನಿಗೂ ಸೀಗಡಿಗೂ ವಿಷ, ಸ್ಕಿಮ್ಮರ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬೆರೆಸುತ್ತೆ. ಸ್ಕಿಮ್ಮರ್‌ನ ಗಾಳಿ ಪೈಪಿಗೆ ಉದ್ದದ ಸಿಲಿಕಾನ್ ಟ್ಯೂಬ್ ಸಿಕ್ಕಿಸಿ ಕಿಟಕಿ ಆಚೆ ಬಿಡಿ. ಪಿಹೆಚ್ ಕೂಡ ಸುಧಾರಿಸುತ್ತೆ. ಸಾಂಬ್ರಾಣಿ ಹೊಗೆಯೂ ಆದಷ್ಟು ದೇವರ ಮನೆಯಲ್ಲೇ ಇರಲಿ.

ರಾಜಾಜಿನಗರ_ಅಪ್ಪ
ಸೊಳ್ಳೆ ಮಷೀನು ಟ್ಯಾಂಕ್ ಪಕ್ಕದ ಪ್ಲಗ್‌ನಲ್ಲೇ ಇದೆ! ಇವತ್ತೇ ತೆಗೀತೀನಿ. ಹಾಗಾದ್ರೆ ಪಟ್ಟಿ: ಕ್ಲೌನ್ 2, ಗ್ರಾಮ್ಮಾ 1, ವಾಚ್‌ಮ್ಯಾನ್ ಗೋಬಿ 1 + ಪಿಸ್ತೂಲು ಸೀಗಡಿ, ಫೈರ್‌ಫಿಶ್ 1, ಹಳದಿ ಬಾಲದ ಡ್ಯಾಮ್ಸೆಲ್ 1. ಜಾಸ್ತಿ ಆಯ್ತಾ? ಎಲ್ಲಾ ಒಟ್ಟಿಗೆ ತಂದ್ರೆ ಆಗುತ್ತಾ?

ಉಪ್ಪುನೀರು
ಆರು ಮೀನು ಸರಿ, ಅಲ್ಲಿಗೆ ನಿಲ್ಲಿಸಿ. ಒಟ್ಟಿಗೆ ಬೇಡ.

ಮೊದಲು ಸೈಕಲ್, ಅಂದ್ರೆ ಮೀನಿನ ಕೊಳೆ ಅರಗಿಸೋ ಬ್ಯಾಕ್ಟೀರಿಯಾ ಬೆಳೆಸೋದು. ಕಲ್ಲು, ಮರಳು, ಉಪ್ಪುನೀರು ಹಾಕಿ ಪಂಪ್ ಓಡಿಸಿ. ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾ 2 ಪಿಪಿಎಂ (ಹತ್ತು ಲಕ್ಷಕ್ಕೆ 2 ಪಾಲು) ಮಾಡಿ, ಬಾಟಲಿ ಬ್ಯಾಕ್ಟೀರಿಯಾ ಹಾಕಿ. 2 ಪಿಪಿಎಂ ಹಾಕಿದ 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದ್ರೆ ಟ್ಯಾಂಕ್ ತಯಾರು. 4ರಿಂದ 6 ವಾರ ಅಂತ ಇಟ್ಕೊಳ್ಳಿ. ಸೈಕಲ್ ಮಾಡೋಕೆ ಅಂತ ಅಗ್ಗದ ಡ್ಯಾಮ್ಸೆಲ್ ಬಿಡೋದು ಹಳೇ ಚಾಳಿ. ಅದು ಬದುಕುಳಿದು ಇಡೀ ಟ್ಯಾಂಕಿಗೆ ತಾನೇ ಯಜಮಾನ ಅಂತ ಕೂರುತ್ತೆ, ಆಮೇಲೆ ಬಂದೋರಿಗೆಲ್ಲಾ ಏಟು.

ಮೀನು ಬಿಡೋ ಕ್ರಮ: ಮೊದಲು ಫೈರ್‌ಫಿಶ್ ಮತ್ತು ಗೋಬಿ. ಆಮೇಲೆ ಗ್ರಾಮ್ಮಾ. ಆಮೇಲೆ ಕ್ಲೌನ್. ಕೊನೆಗೆ ಡ್ಯಾಮ್ಸೆಲ್. ಅಂಜುಬುರುಕರಿಗೆ ಮೊದಲು ಬಿಲ ಸಿಗಬೇಕು.

ಕ್ಲೌನ್‌ನಲ್ಲಿ ಒಸೆಲ್ಲಾರಿಸ್ ಕೇಳಿ, ಮರೂನ್ ಬೇಡ, ಟೊಮೆಟೊ ಬೇಡ, ಅವೆರಡೂ ದೊಡ್ಡವಾದ ಮೇಲೆ ಕೈ ಹಾಕಿದ್ರೂ ಕಚ್ತವೆ. ಒಂದು ಚಿಕ್ಕದು, ಒಂದು ಸ್ವಲ್ಪ ದೊಡ್ಡದು ತಗೊಳ್ಳಿ. ಎಲ್ಲವೂ ಗಂಡಾಗಿ ಶುರುವಾಗ್ತವೆ, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತೆ. ಒಂದೇ ಗಾತ್ರದ ಎರಡು ದೊಡ್ಡ ಮೀನು ತಂದ್ರೆ ಎರಡೂ ಆಗಲೇ ಹೆಣ್ಣಾಗಿದ್ದು ಸಾಯೋವರೆಗೂ ಹೊಡೆದಾಡಬಹುದು. ಹ್ಯಾಚರಿಯಲ್ಲಿ ಬೆಳೆಸಿದ್ದೇ ಬೇಕು ಅನ್ನಿ. ಕ್ಲೌನ್ ಮರಿ ಮಾಡಿಸೋ ವಿಧಾನ ನಮ್ಮ ದೇಶದಲ್ಲೇ ಇದೆ, ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಮಂಡಪಂ ಕೇಂದ್ರ ಆ ಕೆಲಸ ಮಾಡಿದೆ. ಹ್ಯಾಚರಿ ಮರಿ ಕಾಳು ತಿಂದೇ ಬೆಳೆದಿರುತ್ತೆ. ಚೆನ್ನಾಗಿ ನೋಡ್ಕೊಂಡ್ರೆ 10 ವರ್ಷದ ಮೇಲೆ ಬದುಕುತ್ತೆ, ನಿಮ್ಮ 6 ವರ್ಷದ ಮಗು ಪಿಯುಸಿ ಮುಗಿಸೋವರೆಗೂ ಇರಬಹುದು. ಇದನ್ನೂ ಮಕ್ಕಳಿಗೆ ಹೇಳಿ.

ಜೆಪಿನಗರ_ರೀಫ್
ಅಂಗಡೀಲಿ ದುಡ್ಡು ಕೊಡೋ ಮುಂಚೆ: "ನನ್ನ ಮುಂದೆ ಊಟ ಹಾಕಿ" ಅನ್ನಿ. ತಿನ್ನದ ಮೀನು ಬೇಡ. ಬೆನ್ನು ಕತ್ತಿ ಥರ ಚೂಪಾಗಿದೆಯಾ, ಹೊಟ್ಟೆ ಒಳಗೆ ಹೋಗಿದೆಯಾ, ಕಿವಿರು ಪಟಪಟ ಬಡೀತಿದೆಯಾ ನೋಡಿ. ನಿನ್ನೆ ಬಂದ ಮೀನು ಬೇಡ, ಅಂಗಡಿಗೆ ಬಂದು ಎರಡು ವಾರ ಆಗಿರೋದು ಕೇಳಿ. ಇಂಡೊನೇಷ್ಯಾ, ಫಿಲಿಪೀನ್ಸ್ ಕಡೆ ಸೈನೈಡ್ ಎರಚಿ ಹಿಡಿದ ಮೀನು ಮೊದಲು ಚೆನ್ನಾಗೇ ಕಾಣುತ್ತೆ, ವಾರಗಳ ನಂತರ ಉದುರುತ್ತೆ. ಅವರ ಟ್ಯಾಂಕಿನ ಉಪ್ಪಿನಂಶ ಎಷ್ಟು, ನೀರಲ್ಲಿ ರೋಗಕ್ಕೆ ಅಂತ ತಾಮ್ರ ಹಾಕಿದ್ದಾರಾ, ಎರಡೂ ಕೇಳಿ. ತಾಮ್ರ ಇದ್ರೆ ಅಲ್ಲಿ ರೋಗ ಕಾಣಲ್ಲ, ನಿಮ್ಮ ಮನೆಗೆ ಬಂದ ಮೇಲೆ ಕಾಣುತ್ತೆ.

ಟ್ಯಾಂಗ್_ಪ್ರೇಮಿ
ಇಷ್ಟು ನೋಡಿ ತಂದ ಮೇಲೆ ಕ್ವಾರಂಟೈನ್ ಎಲ್ಲಾ ಯಾಕೆ? ಚುಕ್ಕಿ ಇಲ್ಲ ಅಂದ್ರೆ ನೇರ ಟ್ಯಾಂಕಿಗೆ ಬಿಡಿ.

ಪಿಸ್ತೂಲು_ಸೀಗಡಿ
ಚುಕ್ಕಿ ಇಲ್ಲ ಅಂದ್ರೆ ರೋಗ ಇಲ್ಲ ಅಂತ ಅರ್ಥ ಅಲ್ಲ. ಇಕ್ ಪರಾವಲಂಬಿ ಮೀನಿನ ಮೈಮೇಲೆ ಇರೋದು 3ರಿಂದ 7 ದಿನ. ಆಮೇಲೆ ಉದುರಿ ಮರಳಲ್ಲಿ, ಕಲ್ಲಲ್ಲಿ ಗೂಡು ಕಟ್ಟಿ ಒಡೆಯುತ್ತೆ. ಚುಕ್ಕಿ ಮಾಯವಾದಾಗ "ವಾಸಿಯಾಯ್ತು" ಅಂತಾರಲ್ಲ, ಅದು ನೂರಾರು ಮರಿ ಹಾಕೋಕೆ ಕೆಳಗೆ ಇಳಿದಿರೋದು. ಕಿವಿರಲ್ಲಿ ಮಾತ್ರ ಇದ್ರೆ ಚುಕ್ಕಿ ಕಾಣೋದೇ ಇಲ್ಲ. ಒಂದು ಸಲ ಟ್ಯಾಂಕಿಗೆ ಹೊಕ್ಕರೆ ಎಲ್ಲಾ ಮೀನು ತೆಗೆದು 76 ದಿನ ಖಾಲಿ ಬಿಡಿ ಅಂತಾರೆ.

ವಿಧಾನ ಸುಲಭ. 50 ಲೀಟರ್ ಪ್ಲಾಸ್ಟಿಕ್ ಟಬ್, ಹೀಟರ್, ಅಡಗೋಕೆ ಪಿವಿಸಿ ಎಲ್ಬೋ, ಸ್ಪಾಂಜ್ ಫಿಲ್ಟರ್. ಸ್ಪಾಂಜನ್ನ ಸೈಕಲ್ ಆಗುವಾಗಲೇ ಸಂಪ್‌ನಲ್ಲಿ ಮುಳುಗಿಸಿಡಿ, ಬ್ಯಾಕ್ಟೀರಿಯಾ ಕೂತಿರುತ್ತೆ. ಟಬ್‌ನಲ್ಲಿ ಮರಳು, ಕಲ್ಲು ಬೇಡ, ಅವು ತಾಮ್ರ ಹೀರ್ಕೊಳ್ತವೆ. ಕೀಲೇಟೆಡ್ ತಾಮ್ರ (ಬೇರೆ ಅಣುವಿಗೆ ಕಟ್ಟಿದ ತಾಮ್ರದ ಔಷಧಿ) 2ರಿಂದ 2.5 ಪಿಪಿಎಂ, 30 ದಿನ, ಡಿಜಿಟಲ್ ಚೆಕರ್‌ನಲ್ಲಿ ಅಳೆಯುತ್ತಾ. ಒಂದೇ ದಿನ ಅಷ್ಟಕ್ಕೆ ಏರಿಸಬೇಡಿ, ಗೋಬಿ, ಫೈರ್‌ಫಿಶ್‌ಗೆ ನಾಲ್ಕೈದು ದಿನ ತಗೊಂಡು ಏರಿಸಿ. ಮೈಲುತುತ್ತು ಥರದ ಸಾದಾ ತಾಮ್ರಕ್ಕೆ ಈ ಲೆಕ್ಕ ಅಲ್ಲ, ಅದರ ಪ್ರಮಾಣ 0.15ರಿಂದ 0.2 ಮಾತ್ರ. ಎರಡನ್ನ ಅದಲು ಬದಲು ಮಾಡಿದ್ರೆ ಎಲ್ಲಾ ಸಾಯ್ತವೆ. ತಾಮ್ರ ಇರುವಾಗ ಅಮೋನಿಯಾವನ್ನ ಕಟ್ಟಿಹಾಕೋ ದ್ರಾವಣ ಹಾಕಬೇಡಿ, ತಾಮ್ರದ ವಿಷ ಹೆಚ್ಚುತ್ತೆ. ಅಮೋನಿಯಾ ಬಂದ್ರೆ ನೀರು ಬದಲಾಯಿಸಿ, ಬದಲಾಯಿಸಿದಷ್ಟು ನೀರಿಗೆ ಮತ್ತೆ ತಾಮ್ರ ಸೇರಿಸಿ.

ಸೀಗಡಿ, ಬಸವನಹುಳು, ಬ್ರಿಟಲ್ ಸ್ಟಾರ್ ಈ ಟಬ್‌ಗೆ ಬರಲೇಬಾರದು. ಟಬ್‌ಗೆ ಬಳಸಿದ ಬಲೆ, ಮಗ್ ಕೂಡ ದೊಡ್ಡ ಟ್ಯಾಂಕಿಗೆ ಹಾಕಬೇಡಿ.

ಟ್ಯಾಂಗ್_ಪ್ರೇಮಿ
76 ದಿನಕ್ಕಿಂತ 30 ದಿನ ಕಮ್ಮಿ, ಅಷ್ಟು ಗಣಿತ ಬರುತ್ತೆ. ಸರಿ, ಒಪ್ಪಿದೆ.

ಹುಬ್ಬಳ್ಳಿ_ಹುಡುಗ
ದೂರದಿಂದ ಪಾರ್ಸಲ್‌ನ್ಯಾಗ ಮೀನ ತರಿಸಿದ್ರ ಎಷ್ಟೊತ್ತು ಡ್ರಿಪ್ (ಚೀಲದ ನೀರಿಗೆ ಟ್ಯಾಂಕಿನ ನೀರು ಹನಿಹನಿಯಾಗಿ ಬಿಡೋದು) ಹಾಕ್ಬೇಕ್ರೀ? ಎರಡು ತಾಸು ಅಂತಾರ ಕೆಲವ್ರು.

ಉಪ್ಪುನೀರು
ಪಾರ್ಸಲ್ ಮೀನಿಗೆ ಡ್ರಿಪ್ ಬೇಡವೇ ಬೇಡ. ರಾತ್ರಿಯೆಲ್ಲಾ ಮುಚ್ಚಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಹೆಚ್ ಇಳಿದಿರುತ್ತೆ, ಆಗ ಅಮೋನಿಯಾ ಇದ್ದರೂ ಅಷ್ಟು ಸುಡಲ್ಲ. ಚೀಲ ಬಿಚ್ಚಿದ ತಕ್ಷಣ ಅನಿಲ ಹೋಗಿ ಪಿಹೆಚ್ ಏರುತ್ತೆ, ಅದೇ ಅಮೋನಿಯಾ ವಿಷ ಆಗುತ್ತೆ. ಎರಡು ತಾಸು ಡ್ರಿಪ್ ಅಂದ್ರೆ ಎರಡು ತಾಸು ವಿಷದ ಸ್ನಾನ. ಕಳಿಸೋರ ಹತ್ರ ಅವರ ಉಪ್ಪಿನಂಶ ಮೊದಲೇ ಕೇಳಿ, ಕ್ವಾರಂಟೈನ್ ಟಬ್ ಅಷ್ಟಕ್ಕೇ ಹೊಂದಿಸಿಡಿ. ಚೀಲ 20 ನಿಮಿಷ ತೇಲಿಸಿ, ಬಿಚ್ಚಿ, ಮೀನು ಮಾತ್ರ ಒಳಗೆ, ಚೀಲದ ನೀರು ಚರಂಡಿಗೆ. ಅಂಗಡಿಯವರು ಎಷ್ಟೋ ಸಲ ಸಾಂದ್ರತೆ 1.018-1.020ರಲ್ಲೇ ಇಟ್ಟಿರ್ತಾರೆ. ಅಲ್ಲಿಂದ ಮೇಲೆ ದಿನಕ್ಕೆ 0.001 ಅಥವಾ 0.002 ಏರಿಸಿದ್ರೆ ಸಾಕು. ಇಳಿಸೋದನ್ನ ಮೀನು ತಡ್ಕೊಳ್ಳುತ್ತೆ, ದಿಢೀರ್ ಏರಿಸೋದನ್ನ ತಡ್ಕೊಳ್ಳಲ್ಲ.

ಹುಬ್ಬಳ್ಳಿ_ಹುಡುಗ
ಭಾರಿ ಹೇಳಿದ್ರಿ ನೋಡ್ರಿ.

ಜೆಪಿನಗರ_ರೀಫ್
ಮಕ್ಕಳಿರೋ ಮನೆಗೆ ಇನ್ನೊಂದು ಮಾತು. ಲಯನ್‌ಫಿಶ್ ಚೆಂದ ಕಾಣುತ್ತೆ ಅಂತ ತರಬೇಡಿ, ಮುಳ್ಳಿಗೆ ವಿಷ, ಫೈರ್‌ಫಿಶ್‌ನ ಒಂದೇ ಗುಟುಕಿಗೆ ನುಂಗುತ್ತೆ. ಮುಂದೆ ಯಾವತ್ತಾದ್ರೂ ಜೋಆಂಥಿಡ್ (ಹವಳದ ಬಳಗದ ಜೀವಿ) ಹಾಕಿದ್ರೆ ಗ್ಲೌಸ್, ಕನ್ನಡಕ ಇಲ್ಲದೆ ಮುಟ್ಟಬೇಡಿ. ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನೋ ಭಯಂಕರ ವಿಷ ಇರುತ್ತೆ. ಅವು ಅಂಟಿರೋ ಕಲ್ಲನ್ನ ಕ್ಲೀನ್ ಮಾಡೋಕೆ ಅಂತ ಕುದಿಸೋದು, ಬಿಸಿನೀರು ಹಾಕಿ ಉಜ್ಜೋದು ಮಾಡ್ಲೇಬಾರದು. ಆ ಹಬೆ ಕುಡಿದು ಮನೆಯವರೆಲ್ಲಾ ಆಸ್ಪತ್ರೆ ಸೇರಬೇಕಾಗುತ್ತೆ.

ರಾಜಾಜಿನಗರ_ಅಪ್ಪ
ಹವಳ, ಜೋಆಂಥಿಡ್ ಯಾವುದೂ ಬೇಡ, ಮೀನು ಮಾತ್ರ. ಮಗಳಿಗೆ ಪಿಸ್ತೂಲು ಸೀಗಡಿ ವಿಷಯ ಹೇಳಿದೆ, ಟ್ಯಾಂಗ್ ಸುದ್ದಿನೇ ಎತ್ತಲಿಲ್ಲ. ಮಗ ಮಾತ್ರ ಇನ್ನೂ ಸಮುದ್ರಕುದುರೆ ಅಂತಿದ್ದಾನೆ, "ಹುಲಿ ಇರೋ ಲಿಸ್ಟಲ್ಲೇ ಅದೂ ಇದೆ" ಅಂದ್ಮೇಲೆ ಸ್ವಲ್ಪ ಸುಮ್ಮನಾದ. ಕ್ಲೀನರ್ ಸೀಗಡಿ ಎರಡು ಹಾಕಬಹುದಾ, ಪಿಸ್ತೂಲಿನ ಜೊತೆ ಜಗಳ ಆಗಲ್ವಾ?

ಪಿಸ್ತೂಲು_ಸೀಗಡಿ
ಹಾಕಬಹುದು. ಒಂದು ಬಿಲದಲ್ಲಿ, ಇನ್ನೊಂದು ಕಲ್ಲಿನ ಮೇಲೆ. ಬಿಲದ ಬಾಗಿಲಿಗೆ ಹೋದ್ರೆ ಪಿಸ್ತೂಲು ಕೊಂಡಿ ಬಡಿದು ಟಪ್ ಅಂತ ಶಬ್ದ ಮಾಡುತ್ತೆ, ಗಾಜು ಬಿರುಕು ಬಿಟ್ಟಿತು ಅಂತ ಹೆದರಬೇಡಿ. ಕ್ಲೀನರ್ ಸೀಗಡಿಗೆ ಮಾತ್ರ ಒಂದು ಗಂಟೆ ಡ್ರಿಪ್ ಹಾಕಿ, ಉಪ್ಪಿನ ಏರುಪೇರು ಅದಕ್ಕೆ ಆಗಲ್ಲ.

ಗೋಬಿ_ಮಂಚೂರಿ
ಎಲ್ಲರೂ ಮುಚ್ಚಳ ಮರೆತ್ರಿ. ಫೈರ್‌ಫಿಶ್ ಹೆದರಿದ್ರೆ ಮೇಲಕ್ಕೇ ಹಾರೋದು, ವಾಚ್‌ಮ್ಯಾನೂ ಕಮ್ಮಿ ಇಲ್ಲ. ಗಾಜಿನ ಮುಚ್ಚಳ ಹಾಕಿದ್ರೆ ಬಿಸಿ ನಿಲ್ಲುತ್ತೆ, ಫ್ಯಾನೂ ಕೆಲಸ ಮಾಡಲ್ಲ. 6 ಮಿ.ಮೀ. ಕಣ್ಣಿನ ಪಾರದರ್ಶಕ ನೈಲಾನ್ ಬಲೆ ತರಿಸಿ. ಕಿಟಕಿಗೆ ಸೊಳ್ಳೆ ಪರದೆ ಹಾಕೋರು ಇರ್ತಾರಲ್ಲ, ಅವರ ಹತ್ರಾನೇ ತೆಳು ಫ್ರೇಮ್ ಕಟ್ಟಿಸಿ. ಅವರ ಸೊಳ್ಳೆ ಪರದೆ ಬಟ್ಟೆ ಮಾತ್ರ ಬೇಡ, ಬೆಳಕೂ ಗಾಳಿಯೂ ತಡೆಯುತ್ತೆ.

ರಾಜಾಜಿನಗರ_ಅಪ್ಪ
ಫ್ರೇಮ್ ಅಂಚಿನ ಒಳಗೆ ಕೂರಬೇಕಾ, ಮೇಲೆ ಕೂರಬೇಕಾ?

ಗೋಬಿ_ಮಂಚೂರಿ
ಮೇಲೆ. ಒಳಗೆ ಕೂರಿಸೋಕೆ ಹೋದ್ರೆ ಅಂಚಲ್ಲಿ ಅಂಟಿಸಿರೋ ಬ್ರೇಸಿಂಗ್ ಗಾಜು ಅಡ್ಡ ಬರುತ್ತೆ. ರಿಟರ್ನ್ ಪೈಪ್, ವೇವ್‌ಮೇಕರ್ ವೈರ್ ಬರೋ ಕಡೆ ಬಲೆಗೆ ಅಷ್ಟೇ ಅಗಲದ ಕಚ್ಚು ಬಿಡಿಸಿ. ಎರಡು ಬೆರಳು ಜಾಸ್ತಿ ಬಿಟ್ರೂ ಫೈರ್‌ಫಿಶ್ ಸರಿಯಾಗಿ ಅದೇ ಕಿಂಡೀಲಿ ಆಚೆ ಬರುತ್ತೆ.